ಕಿರುಬೆರಳಿನ ಅಂಚು

ಕಾಜಾ ಅಕ್ಕ ತನ್ನ ಹತ್ತೂ ಬೆರಳುಗಳನ್ನು ಕಟಿಂಗ್ ಮೇಜಿನ ಮೇಲೆ ಹರಡಿ, “ನೋಡಿ ಮಾಸ್ಟ್ರೇ, ನೀವೇ ನೋಡಿ. ಎಲ್ಲಿ ಸೂಜಿ ಚುಚ್ಚಿದೆ ತೋರ್ಸಿ” ಎಂದಾಗ ಬಟ್ಟೆ ಕತ್ತರಿಸುವ ಮಾಸ್ತರನಿಗೆ ನೋಡುವ ಮನಸ್ಸೇನೂ ಇರಲಿಲ್ಲ. ಆದರೆ ಯಜಮಾನರು ಪಕ್ಕದಲ್ಲೇ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದರು. ಮಾತು ಶುರುಮಾಡಿದವನು ತಾನೇ, ಈಗ ನೋಡದೆ ಬಿಟ್ಟರೆ ಚೆನ್ನಾಗಿರುವುದಿಲ್ಲ ಎಂದು ಕನ್ನಡಕವನ್ನು ಮೂಗಿನ ಮೇಲಕ್ಕೆ ತಳ್ಳಿ ಬಗ್ಗಿದ. ಹೋಟೆಲಿನ ಸಪ್ಲೈಯರುಗಳಿಗೆಂದು ಹೊಲಿದ ಇಪ್ಪತ್ತನಾಲ್ಕು ಬಿಳಿ ಕೋಟು. ಸಂಜೆಯೊಳಗೆ ಕೊಡಬೇಕು. ಬೆಳಿಗ್ಗೆ ಇಸ್ತ್ರಿಗೆಂದು ಬಿಡಿಸಿದರೆ ನಾಲ್ಕು ಕೋಟುಗಳ ಎದೆಯಂಚಿನಲ್ಲಿ, ಎರಡನೇ ಕಾಜಾದ ಪಕ್ಕ, ಕಡಲೆಕಾಳಿನಷ್ಟಗಲ ಕಂದು ಕಲೆ. ರಕ್ತವೆಂದು ಯಾರೂ ಹೇಳಿಕೊಡಬೇಕಾಗಿರಲಿಲ್ಲ, ಹೊಲಿಗೆ ಅಂಗಡಿಯಲ್ಲಿ ಆ ಬಣ್ಣ ಎಲ್ಲರಿಗೂ ಗೊತ್ತು. “ಕಾಜಾದ ಪಕ್ಕದಲ್ಲೇ ಇದೆ. ಇನ್ಯಾರ ಕೈ ಅಲ್ಲಿಗೆ ಹೋಗುತ್ತೆ?” ಎಂದುಬಿಟ್ಟಿದ್ದ ಮಾಸ್ತರ, ಯಾರೂ ಕೇಳುವ ಮೊದಲೇ. ಹದಿನೈದು ವರ್ಷದಿಂದ ಇದೇ ಅಂಗಡಿಯಲ್ಲಿ ಗುಂಡಿ ಹಾಕುತ್ತ, ಗುಂಡಿಯ ಕಾಜಾಗಳಿಗೆ ಸುತ್ತಲೂ ದಾರ ತುಂಬುತ್ತ, ಸ್ವಂತ ಹೆಸರೇ ಸವೆದುಹೋಗಿ ಬರೀ ಕಾಜಾ ಅಕ್ಕ ಆಗಿ ಉಳಿದವಳು ಅವಳು. ಅವಳ ಬೆರಳ ತುದಿಗಳು ಗಟ್ಟಿಯಾಗಿ, ಹಳದಿಯಾಗಿದ್ದವು, ಅವುಗಳ ತುಂಬ ಸೂಜಿಯ ಸಣ್ಣ ಸಣ್ಣ ಚುಕ್ಕೆ. ಯಾವ ಕಾಜಾದವಳ ಕೈಯಲ್ಲಿ ಚುಕ್ಕೆ ಇರುವುದಿಲ್ಲ? ಅದು ಅವನಿಗೂ ಗೊತ್ತು. ಆದರೂ ಒಂದರ ಮೇಲೆ ಬೆರಳಿಟ್ಟು, “ಇದೇನು ಮತ್ತೆ?” ಎಂದ. “ಅದು ಮೊನ್ನೇದು ಮಾಸ್ಟ್ರೇ, ಒಣಗಿ ಹೋಗಿದೆ.” “ಮೊನ್ನೇದೋ ನಿನ್ನೇದೋ, ಯಾರು ಕಂಡೋರು” ಎಂದು ಕನ್ನಡಕ ತೆಗೆದು ಅಂಗಿಯ ತುದಿಗೆ ಒರೆಸಿಕೊಂಡ.

ಯಜಮಾನರು ಕೂಗಾಡುವವರಲ್ಲ. ಅವರದು ತಣ್ಣಗಿನ ದನಿ, ಅದೇ ಕಷ್ಟ. ಬಟ್ಟೆಗೆ ರಕ್ತ ಹತ್ತಿದರೆ ಹೊಲಿಗೆಯವರು ಮಾಡುವ ಹಳೆಯ ಉಪಾಯವೊಂದಿದೆ: ಬಿಳಿ ದಾರದ ತುಂಡನ್ನು ಬಾಯಿಗೆ ಹಾಕಿಕೊಂಡು ಅಗಿದು, ಎಂಜಲಲ್ಲಿ ನೆನೆದ ಆ ಉಂಡೆಯಿಂದ ಕಲೆಯನ್ನು ಉಜ್ಜಬೇಕು. ಯಾರ ರಕ್ತವೋ ಅವರ ಎಂಜಲೇ ಆಗಬೇಕು, ಬೇರೆಯವರದಕ್ಕೆ ಕಲೆ ಜಗ್ಗುವುದಿಲ್ಲ ಎಂದು ಎಲ್ಲರ ನಂಬಿಕೆ. “ದಾರ ಅಗಿದು ಉಜ್ಜಮ್ಮ” ಎಂದರು ಯಜಮಾನರು. “ಸಂಜೆಯೊಳಗೆ ಹೋದ್ರೆ ಸರಿ. ಹೋಗ್ಲಿಲ್ಲ ಅಂದ್ರೆ ನಾಳೆಯಿಂದ ಬೇರೆ ಎಲ್ಲಾದ್ರೂ ಕೆಲಸ ನೋಡ್ಕೋ.” “ನಂದಲ್ಲದ ರಕ್ತಕ್ಕೆ ನನ್ನ ಎಂಜಲು ಏನ್ ಮಾಡುತ್ತೆ ಯಜಮಾನ್ರೇ?” ಎಂದಳು ಅಕ್ಕ. ಅವರು ಆಗಲೇ ಬಿಲ್ ಪುಸ್ತಕ ತೆರೆದಿದ್ದರು. ಅವಳು ಮತ್ತೊಮ್ಮೆ ಮಾಸ್ತರನ ಮುಖ ನೋಡಿ, ನಾಲ್ಕು ಕೋಟುಗಳನ್ನೂ ತೋಳ ಮೇಲೆ ಹೊತ್ತುಕೊಂಡು ಕಿಟಕಿಯ ಪಕ್ಕದ ತನ್ನ ಗಿಡ್ಡ ಸ್ಟೂಲಿಗೆ ಹೋಗಿ ಕೂತಳು.

ಮಾಸ್ತರನಿಗೆ ಗೊತ್ತಾದದ್ದು ಅದಾದ ಮೇಲೆ. ಯಾರದೋ ಪ್ಯಾಂಟಿನ ಬಟ್ಟೆಯನ್ನು ಮೇಜಿನ ಮೇಲೆ ಹಾಸಿ, ಚಾಕ್ ಹಿಡಿದು ಗೆರೆ ಎಳೆಯಲು ಬಲಗೈ ಊರಿದ. ಅಂಗೈಯ ಅಂಚು, ಕಿರುಬೆರಳಿನ ಕಡೆಯದು, ಬಟ್ಟೆಗೆ ಒತ್ತಿಕೊಂಡು ಚಾಕಿನ ಹಿಂದೆ ಹಿಂದೆಯೇ ಜಾರಿತು. ಮೂವತ್ತು ವರ್ಷದ ರೂಢಿ. ನಿನ್ನೆ ಸಂಜೆ ಕೊನೆಯ ನಾಲ್ಕು ಕೋಟುಗಳಿಗೆ ಕಾಜಾದ ಜಾಗ ಗುರುತು ಹಾಕಿದ್ದೂ ಹೀಗೆಯೇ. ಎರಡನೇ ಕಾಜಾಕ್ಕೆ ಗುರುತು ಹಾಕುವಾಗ ಕೈಯ ಅಂಚು ಎಲ್ಲಿ ಊರುತ್ತದೆಂದು ನೆನೆಸಿಕೊಂಡ. ಕಲೆಯಿದ್ದದ್ದು ಅಲ್ಲೇ, ಒಂದು ಕೂದಲೆಳೆಯೂ ಆಚೀಚೆ ಇಲ್ಲ. ಕೈ ತಿರುಗಿಸಿ ನೋಡಿದ. ಕಿರುಬೆರಳಿನ ಬುಡದಲ್ಲಿ, ಒಣಗಿ ಬೂದಿ ಬಡಿದಂತಿದ್ದ ಚರ್ಮದ ನಡುವೆ, ಅಕ್ಕಿಕಾಳಿನಷ್ಟುದ್ದದ ಸೀಳು. ಎರಡು ಅಂಚಿಗೂ ಕಪ್ಪಾಗಿ ರಕ್ತ ಕಟ್ಟಿತ್ತು. ಇದು ಯಾವಾಗ ಆಯಿತು ಎಂದು ಯೋಚಿಸಿದರೆ ನೆನಪೇ ಇಲ್ಲ, ನೆನಪಿರಲು ಗೊತ್ತಾಗಿದ್ದರಲ್ಲವೇ. ಎಡಗೈ ಹೆಬ್ಬೆರಳಿನಿಂದ ಒತ್ತಿದ. ನೋವೇನೂ ಇಲ್ಲ. ಇನ್ನೂ ಒತ್ತಿದ. ಸೀಳು ಬಾಯಿಬಿಟ್ಟು ಒಂದು ಕೆಂಪು ಹನಿ ಹೊರಗೆ ಬಂದು ನಿಂತಿತು, ಪಕ್ಕದ ಮನೆಯವರ ಕೈಯಿಂದ ಬಂದಷ್ಟು ಸಲೀಸಾಗಿ. ಮಾಸ್ತರ ಸುತ್ತ ನೋಡಿ, ಮೇಜಿನ ಮೇಲಿದ್ದ ಚಾಕಿನ ಪುಡಿಯನ್ನು ಚಿಟಿಕೆ ತೆಗೆದು ಸೀಳಿಗೆ ತುಂಬಿ ಉಜ್ಜಿದ. ಪುಡಿ ಮೊದಲು ಗುಲಾಬಿಯಾಗಿ ಆಮೇಲೆ ಬಿಳಿಯಾಯಿತು. ಈಗಲೇ ಹೇಳಿಬಿಡಬಹುದು, ಹತ್ತು ಹೆಜ್ಜೆ ದೂರದಲ್ಲಿ ಅಕ್ಕ ಕೂತಿದ್ದಾಳೆ. ಹೇಳಿದರೆ, ಅಯ್ಯೋ ಮಾಸ್ಟ್ರೇ, ಇಷ್ಟು ರಕ್ತ ಬಂದ್ರೂ ನಿಮಗೆ ಗೊತ್ತಾಗ್ಲಿಲ್ವಾ ಎಂದು ಕೇಳುತ್ತಾರೆ. ಮುಂದಿನ ಪ್ರಶ್ನೆ ಅದೇ, ಬೇರೆ ಪ್ರಶ್ನೆ ಸಾಧ್ಯವೇ ಇಲ್ಲ. ನಾಲ್ಕು ತಿಂಗಳಿಂದ ಅವನು ತಪ್ಪಿಸಿಕೊಂಡು ಓಡಾಡುತ್ತಿದ್ದದ್ದು ಆ ಒಂದು ಪ್ರಶ್ನೆಯಿಂದ.

ಹನ್ನೆರಡು ಗಂಟೆಗೆ, “ಹಲ್ಲಿನ ಡಾಕ್ಟ್ರ ಹತ್ರ ಹೋಗ್ಬೇಕಿತ್ತು ಯಜಮಾನ್ರೇ, ಮೂರಕ್ಕೆಲ್ಲ ಬಂದ್ಬಿಡ್ತೀನಿ” ಎಂದ. ಯಜಮಾನರು ಬಿಲ್ ಪುಸ್ತಕದಿಂದ ತಲೆಯೆತ್ತಿದರು. “ನಿಮಗೆ ಒಟ್ಟು ಎಷ್ಟು ಹಲ್ಲಿದೆ ಮಾಸ್ಟ್ರೇ? ಒಂದೂವರೆ ವರ್ಷದಿಂದ ತಿಂಗಳಿಗೊಂದು ತೋರಿಸ್ಕೊಂಡು ಬರ್ತಾನೇ ಇದೀರಿ. ಮೊಸಳೆಗೂ ಇಷ್ಟಿರಲ್ಲ.” ಹೊಲಿಗೆ ಮೆಷಿನ್ನಿನ ಮುಂದಿದ್ದ ಇಬ್ಬರು ಟೈಲರುಗಳೂ ಹೊಟ್ಟೆ ಹಿಡಿದು ನಕ್ಕರು. ಮಾಸ್ತರನೂ ನಕ್ಕ. ಕಾಜಾ ಅಕ್ಕ ನಗಲಿಲ್ಲ, ಅವಳ ಬಾಯಿ ತುಂಬ ದಾರವಿತ್ತು. ಕೆನ್ನೆ ಮೇಲೆ ಕೆಳಗೆ ಆಡಿಸುತ್ತ, ಕಣ್ಣು ಕೋಟಿನ ಮೇಲೇ ಇಟ್ಟು ಅಗಿಯುತ್ತಿದ್ದಳು. ಅವಳನ್ನು ದಾಟಿಯೇ ಬಾಗಿಲಿಗೆ ಹೋಗಬೇಕು. ಬಲಗೈಯನ್ನು ಜೇಬಿಗೆ ಹಾಕಿಕೊಂಡು ದಾಟಿದ.

ಹಲ್ಲೂ ಇಲ್ಲ, ಮೊಸಳೆಯೂ ಇಲ್ಲ, ಅವನಿಗಾಗಿದ್ದದ್ದು ಕುಷ್ಠ. ಆ ಮಾತನ್ನು ಡಾಕ್ಟರು ಮೇಜಿನ ಮೇಲೆ ಪೆನ್ನು ತಟ್ಟುತ್ತ ನೆಗಡಿ ಎಂದ ಹಾಗೆ ಹೇಳಿದ್ದರು. ಹನ್ನೆರಡು ತಿಂಗಳು ಗುಳಿಗೆ, ಮುಗೀತು, ಯಾರಿಗೂ ಅಂಟಲ್ಲ, ಧೈರ್ಯವಾಗಿ ಕೆಲಸಕ್ಕೆ ಹೋಗಿ ಎಂದಿದ್ದರು, ಅದು ನಿಜವೂ ಆಯಿತು. ತಿಂಗಳ ಮೊದಲ ದಿನದ ಗುಳಿಗೆಗೆ ಉಚ್ಚೆ ಕೆಂಪಗೆ ಹೋಗುತ್ತಿತ್ತು. ಮಿಕ್ಕ ದಿನಗಳ ಗುಳಿಗೆಗೆ ಮುಖ, ಕೈ, ಕತ್ತು ಎಲ್ಲ ಸೀದ ಹಾಗೆ ಕಪ್ಪು ತಿರುಗಿತು. ಅಳತೆ ಕೊಡಲು ಬಂದವರೆಲ್ಲ, ಏನ್ ಮಾಸ್ಟ್ರೇ, ಬಿಸಿಲಲ್ಲಿ ಬಟ್ಟೆ ಹೊಲೀತೀರಾ ಎಂದು ತಮಾಷೆ ಮಾಡುವವರೇ. ಮೋಟುತೋಳಿನ ಅಂಗಿ ಬಿಟ್ಟು ತುಂಬುತೋಳಿನದು ಹಾಕಿಕೊಂಡು, ತೋಳಿನ ಮೇಲಿನ ತೆಳುಬಣ್ಣದ ಮಚ್ಚೆಯನ್ನೂ ಈ ಕಪ್ಪನ್ನೂ ಒಟ್ಟಿಗೇ ಮುಚ್ಚಿದ್ದ. ಗುಳಿಗೆ ನಿಂತು ಆರು ತಿಂಗಳಾಯಿತು. ಕಪ್ಪು ಇಳಿಯಿತು, ಮಚ್ಚೆ ಈಗ ಹುಡುಕಿದರೆ ಮಾತ್ರ ಸಿಗುತ್ತದೆ. ಕನ್ನಡಿಯಲ್ಲಿ ಹಳೆಯ ಮುಖ ವಾಪಸು ಬಂದ ದಿನ ಹೆಂಡತಿಯನ್ನು ಕರೆದು ತೋರಿಸಿದ್ದ. “ಚೆನ್ನಾಗಿದೀರಿ ಬಿಡಿ, ಯಾವ ರಾಜಕುಮಾರನಿಗೂ ಕಡಿಮೆಯಿಲ್ಲ” ಎಂದು ಅವಳು ಕೈಯಲ್ಲಿದ್ದ ಪಾತ್ರೆ ಕೆಳಗಿಟ್ಟು ನಕ್ಕಿದ್ದಳು. ಆ ಸುಖ ಎರಡು ವಾರವೂ ನಡೆಯಲಿಲ್ಲ. ಒಂದು ದಿನ ಒಲೆಯ ಮೇಲಿನ ಬಾಣಲೆಯ ಮುಚ್ಚಳ ತೆಗೆಯುತ್ತ ಏನೋ ಮಾತಾಡುತ್ತ ನಿಂತಿದ್ದಾನೆ, ಅವಳು “ಅಯ್ಯೋ ಕೈ! ಕೈ!” ಎಂದು ಚೀರಿ ಅವನ ಮಣಿಕಟ್ಟು ಹಿಡಿದೆಳೆದಳು. ನೋಡಿದರೆ ಅಂಗೈಯ ಅಂಚು ಬಾಣಲೆಯ ಕಂಠಕ್ಕೆ ಒರಗಿಕೊಂಡಿತ್ತು. ಮಾರನೆಯ ದಿನದಿಂದ ಅವಳು ಬಿಸಿ ಲೋಟವನ್ನು ಬಟ್ಟೆ ಸುತ್ತಿ ಕೊಡತೊಡಗಿದಳು. “ನಾನೇನು ಕೂಸಾ?” ಎಂದು ಲೋಟ ಪಕ್ಕಕ್ಕೆ ತಳ್ಳಿದ್ದ. “ಡಾಕ್ಟ್ರಿಗೆ ಹೇಳಿದ್ರಾ?” ಎಂದು ಕೇಳಿದ್ದಳು. “ಪರೀಕ್ಷೆಯಲ್ಲಿ ಎಲ್ಲ ಸರಿಯಾಗಿದೆ, ಕಾರ್ಡು ನೋಡ್ಕೋ” ಎಂದು ಕಾರ್ಡನ್ನೇ ಮುಖಕ್ಕೆ ಹಿಡಿದಿದ್ದ. ದಿನಾ ಕೈಯನ್ನು ನೀರಲ್ಲಿ ನೆನೆಸಿ ಎಣ್ಣೆ ಸವರಿ ಎಂದು ಆಸ್ಪತ್ರೆಯವರು ಹೇಳಿದ್ದನ್ನೂ ಅಂದಿನಿಂದಲೇ ಬಿಟ್ಟ. ಸರಿಯಾದ ಕೈಗೆ ಎಣ್ಣೆ ಯಾಕೆ?

ಆಸ್ಪತ್ರೆಯ ಬೆಂಚಿನ ಮೇಲೆ ಆರು ಜನರಿದ್ದರು. ಇಲ್ಲಿ ಯಾರೂ ಯಾರ ಮುಖವನ್ನೂ ನೋಡುವುದಿಲ್ಲ, ಕೈ ನೋಡುತ್ತಾರೆ. ಮಾಸ್ತರನೂ ನೋಡಿದ. ಪಕ್ಕದವನ ಎರಡು ಬೆರಳು ಒಳಕ್ಕೆ ಮಡಿಚಿಕೊಂಡಿದ್ದವು, ಸಣ್ಣದೇನನ್ನೋ ಬಚ್ಚಿಟ್ಟುಕೊಂಡವನ ಹಾಗೆ. ಇವನು ಕತ್ತರಿ ಹೇಗೆ ಹಿಡಿದಾನು ಎಂದು ಯೋಚಿಸಿ, ತಕ್ಷಣ ಜೇಬಿನೊಳಗೆ ತನ್ನ ಬೆರಳುಗಳನ್ನು ಬಿಚ್ಚಿ ಮಡಿಚಿ ನೋಡಿಕೊಂಡ. ಬಿಚ್ಚುತ್ತವೆ. ಕಿರುಬೆರಳು ಸ್ವಲ್ಪ ತಡ, ಅಷ್ಟೆ. ಕತ್ತರಿ ಅವನ ಅನ್ನ. ದೊಡ್ಡ ಕತ್ತರಿ, ಒಂದು ಸೇರು ತೂಗುತ್ತದೆ, ಬೇರೆ ಯಾರಾದರೂ ಮುಟ್ಟಿದರೆ ರೇಗುತ್ತಾನೆ. ಹೋದ ವಾರ ಅದು ಕೈಯಿಂದ ಜಾರಿ ಮೇಜಿನ ಮೇಲೆ ಬಿದ್ದಿತ್ತು. ಬೆವರಿಗೆ ಜಾರಿತು ಎಂದುಕೊಂಡಿದ್ದ. ಕೈಯ ಕಿರುಬೆರಳಿನ ಕಡೆ ಬೆವರೇ ಬರುತ್ತಿಲ್ಲ ಎನ್ನುವುದು ಈಗ ಬೆಂಚಿನ ಮೇಲೆ ಕೂತಾಗ ಹೊಳೆಯಿತು.

ಪರೀಕ್ಷೆ ಮಾಡುವಾಕೆಗೆ ಅವನು ಮನಸ್ಸಿನಲ್ಲೇ ದಾರದಮ್ಮ ಎಂದು ಹೆಸರಿಟ್ಟಿದ್ದ. ಹಿಡಿಯ ತುದಿಗೆ ನೈಲಾನಿನ ಎಳೆ ಸಿಕ್ಕಿಸಿದ ಕಡ್ಡಿಗಳನ್ನು ಡಬ್ಬಿಯಲ್ಲಿ ಜೋಡಿಸಿಟ್ಟುಕೊಂಡಿರುತ್ತಾಳೆ, ಒಂದಕ್ಕಿಂತ ಒಂದು ದಪ್ಪ. ಕಣ್ಣು ಮುಚ್ಚಿ ಕೂರಬೇಕು. ಅಂಗೈಯ ಹತ್ತು ಜಾಗದಲ್ಲಿ ಎಳೆಯನ್ನು ಅದು ಬಾಗುವ ತನಕ ಒತ್ತುತ್ತಾಳೆ, ಮುಟ್ಟಿದ್ದು ಗೊತ್ತಾದರೆ ಹ್ಞೂಂ ಅನ್ನಬೇಕು. ಇಷ್ಟೇ ಪರೀಕ್ಷೆ. ಅವಳು ಕೂರುವುದು ಗಾಲಿಯ ಸ್ಟೂಲಿನ ಮೇಲೆ. ಮುಂದಕ್ಕೆ ಬಾಗಿದಾಗಲೆಲ್ಲ ಅದು ಕಿರ್ ಅನ್ನುತ್ತದೆ. ಬಾಗಿದಳೆಂದರೆ ಮುಟ್ಟಿದಳೆಂದೇ ಅರ್ಥ. ಮೊದಲ ಸಲ ಅವನು ಮೋಸ ಮಾಡಬೇಕೆಂದು ಮಾಡಿರಲಿಲ್ಲ. ಕಿರ್ ಎಂದಿತು, ಬಾಯಿ ತಾನೇ ಹ್ಞೂಂ ಎಂದಿತು, “ಭೇಷ್” ಎಂದಳು ಅವಳು. ಆ ಭೇಷ್‌ಗೆ ಅವನ ಕಣ್ಣಲ್ಲಿ ನೀರು ಬಂದಿತ್ತು. ನಲವತ್ತು ಗಿರಾಕಿಗಳ ಎದೆ, ಸೊಂಟ, ತೋಳಿನ ಅಳತೆಯನ್ನು ಚೀಟಿ ನೋಡದೆ ಹೇಳುವ ತಲೆ ಅದು. ಅವಳು ಹೆಬ್ಬೆರಳಿನಿಂದ ಶುರುಮಾಡಿ ಯಾವ ಜಾಗದ ನಂತರ ಯಾವ ಜಾಗಕ್ಕೆ ಹೋಗುತ್ತಾಳೆಂದು ಎರಡನೇ ತಿಂಗಳಿಗೇ ಬಾಯಿಪಾಠವಾಗಿತ್ತು. ಕಣ್ಣಿಗೆ ಮಣ್ಣೆರಚುವುದು ಇಷ್ಟು ಸುಲಭವೇ ಎಂದು ಅವನಿಗೇ ಆಶ್ಚರ್ಯ. ಯಾರ ಕಣ್ಣಿಗೆ ಎಂದು ಮಾತ್ರ ಕೇಳಿಕೊಂಡಿರಲಿಲ್ಲ. “ನರ ಸದ್ದಿಲ್ಲದೆ ಸೋಲ್ತಾ ಇರುತ್ತೆ, ನೋವೂ ಇರಲ್ಲ. ಬೇಗ ಗೊತ್ತಾದ್ರೆ ಉಳಿಸ್ಕೋಬಹುದು. ಆರು ತಿಂಗಳು ದಾಟಿದ್ರೆ ನಮ್ಮ ಕೈಲಿಲ್ಲ” ಎಂದು ಅವಳು ಪ್ರತಿ ಸಲ ಪ್ರತಿಯೊಬ್ಬರಿಗೂ ಹೇಳುತ್ತಾಳೆ. ಪ್ರತಿ ಸಲ ಅವನೂ ಕೇಳಿಸಿಕೊಂಡು ತಲೆಯಾಡಿಸಿದ್ದಾನೆ.

“ಬನ್ನಿ, ಹೇಗಿದೀರಿ? ಬಣ್ಣ ಎಲ್ಲ ಬಂದ್ಬಿಟ್ಟಿದೆಯಲ್ಲ!” ಎಂದಳು ದಾರದಮ್ಮ. ಅವನು ಕೂತು ಎರಡೂ ಕೈಯನ್ನು ಮೇಜಿನ ಮೇಲೆ ಅಂಗಾತ ಇಟ್ಟ. ಇಟ್ಟ ಮೇಲೆ, ಬೆಳಿಗ್ಗೆ ತನ್ನ ಮೇಜಿನ ಮೇಲೆ ಹೀಗೇ ಹರಡಿದ್ದ ಅಕ್ಕನ ಹತ್ತು ಬೆರಳು ಕಣ್ಣ ಮುಂದೆ ಬಂದವು. ಕಣ್ಣು ಮುಚ್ಚಿದ. ಎಡಗೈ ಸಲೀಸು, ಸದ್ದಿಗೆ ಕಾಯದೆಯೇ ಎಳೆ ತಾಗಿದ್ದು ತಿಳಿಯುತ್ತಿತ್ತು, ಹ್ಞೂಂ, ಹ್ಞೂಂ. ಬಲಗೈ. ಹೆಬ್ಬೆರಳು, ಹ್ಞೂಂ. ತೋರುಬೆರಳು, ಹ್ಞೂಂ. ನಡುಬೆರಳಿನ ಬುಡ, ಹ್ಞೂಂ. ಇನ್ನು ಕಿರುಬೆರಳಿನ ಕಡೆ. ಸ್ಟೂಲು ಕಿರ್ ಎಂದಿತು. ಹ್ಞೂಂ ನಾಲಿಗೆಯ ತುದಿಗೆ ಬಂದು ಕೂತಿತ್ತು, ಬಾಯಿ ತೆರೆದರೆ ಸಾಕು. ಬಾಯಿ ತೆರೆಯಲಾಗಲಿಲ್ಲ. ಅಕ್ಕ ಈಗಲೂ ಕಿಟಕಿಯ ಪಕ್ಕ ಕೂತು ಅಗಿಯುತ್ತಿರುತ್ತಾಳೆ, ಉಗುಳಿ ಇನ್ನೊಂದು ದಾರ ಹರಿದುಕೊಳ್ಳುತ್ತಾಳೆ, ಕಲೆ ಜಗ್ಗುವುದಿಲ್ಲ. ಎಲ್ಲಿಂದ ಜಗ್ಗಬೇಕು! ಸಂಜೆ ಚೀಲ ಹೆಗಲಿಗೆ ಹಾಕಿಕೊಂಡು ಹೋಗಿಬಿಡುತ್ತಾಳೆ, ಹದಿನೈದು ವರ್ಷ ಅಲ್ಲಿಗೆ ಮುಗಿಯಿತು. ಅವಳ ಕೈಯಲ್ಲಿ ಇಲ್ಲದ ಗಾಯವನ್ನು ಇದೆ ಎಂದವನು, ತನ್ನ ಕೈಯಲ್ಲಿ ಇಲ್ಲದ ಜೀವವನ್ನೂ ಇದೆ ಎಂದುಕೊಂಡು ಬರುತ್ತಿದ್ದಾನೆ. ಎರಡೂ ಒಂದೇ ಬಾಯಿ. ಅವನಿಗೆ ತನ್ನ ಮೇಲೆ ಅಸಹ್ಯವಾಯಿತು.

“ಏನು, ನಿದ್ದೆ ಬಂತಾ?” ಎಂದಳು ದಾರದಮ್ಮ.

“ಇಲ್ಲ” ಎಂದ. “ನೀವು ಮುಟ್ಟಿದ್ರಿ. ಸ್ಟೂಲು ಕಿರ್ ಅಂತು. ಆದ್ರೆ ನಂಗೆ ಗೊತ್ತಾಗ್ಲಿಲ್ಲ.”

ಕಣ್ಣು ಬಿಟ್ಟರೆ ಅವಳು ಕಡ್ಡಿ ಹಿಡಿದೇ ಅವನನ್ನು ನೋಡುತ್ತಿದ್ದಳು. “ಎಷ್ಟು ದಿನದಿಂದ?” “ನಾಲ್ಕು ತಿಂಗಳಾಯ್ತು.” “ಅಂದ್ರೆ ನಾಲ್ಕು ಸಲ ನಂಗೆ ಸುಳ್ಳು ಹೇಳಿದ್ರಾ?” ಅವಳು ಎದ್ದು ಸ್ಟೂಲನ್ನು ಕಾಲಲ್ಲೇ ಮೂಲೆಗೆ ದಬ್ಬಿ, ಮರದ ಕುರ್ಚಿ ಎಳೆದುಕೊಂಡು ಕೂತಳು. ಈ ಸಲ ಹಿಂದುಮುಂದಾಗಿ, ಎಲ್ಲೆಂದರಲ್ಲಿ ಮುಟ್ಟಿದಳು. ತೆಳು ಎಳೆ ತಾಗಿದ್ದು ತಿಳಿಯಲಿಲ್ಲ, ದಪ್ಪ ಎಳೆಯೂ ಇಲ್ಲ, ಒಂದು ಜಾಗದಲ್ಲಿ ಎಲ್ಲಕ್ಕಿಂತ ದಪ್ಪದ್ದು ದೂರದಿಂದ ಕೇಳಿದ ಹಾಗೆ ಸ್ವಲ್ಪ. ಹತ್ತು ಜಾಗದಲ್ಲಿ ನಾಲ್ಕು ಹೋಗಿದ್ದವು. ಮೊಣಕೈಯ ಹಿಂದೆ ಬೆರಳಿಟ್ಟು ನರವನ್ನು ಉರುಳಿಸಿ ನೋಡಿ, “ಊದಿ ಹಗ್ಗ ಆಗಿದೆ” ಎಂದಳು. ಕಿರುಬೆರಳನ್ನು ಹೊರಕ್ಕೆ ಚಾಚಿಸಿ ತನ್ನ ಬೆರಳಿಂದ ಒಳಕ್ಕೆ ತಳ್ಳಿದಳು, ಅದು ಹೆಚ್ಚೇನೂ ಜಗಳವಾಡಲಿಲ್ಲ. ಸೀಳಿನಿಂದ ಚಾಕಿನ ಪುಡಿ ತೊಳೆದಾಗ ಬೇಸಿನ್ನಿನ ನೀರು ಸ್ವಲ್ಪ ಕೆಂಪಾಯಿತು. “ಇದಕ್ಕೆ ಚಾಕ್ ತುಂಬಿದೋರು ಯಾರು? ನೀವೇನಾ? ದೇವರೇ!” ಎಂದು ಬೈಯುತ್ತ ಬ್ಯಾಂಡೇಜು ಸುತ್ತಿದಳು. “ಹಳೇ ಕಾಯಿಲೆ ತಿರುಗಿ ಬಂತಾ?” ಎಂದು ಕೇಳಿದ. “ಅದು ಹೋಯ್ತು ಮಾರಾಯ್ರೇ. ಸತ್ತ ಕ್ರಿಮಿಗಳ ಮೇಲೆ ನಿಮ್ಮ ಮೈಯೇ ಇನ್ನೂ ಸಿಟ್ಟು ತೀರಿಸ್ಕೋತಾ ಇದೆ, ಮಧ್ಯೆ ನರ ಸಿಕ್ಕಾಕೊಂಡಿದೆ.” ಡಾಕ್ಟರು ಬೇರೆ ಗುಳಿಗೆ ಬರೆದರು, ಐದು ತಿಂಗಳು, ಎರಡು ವಾರಕ್ಕೊಮ್ಮೆ ಬರಬೇಕು, ಮುಖ ಸ್ವಲ್ಪ ಊದಬಹುದು. ಪೂರ್ತಿ ವಾಪಸು ಬರುತ್ತಾ ಎಂದದ್ದಕ್ಕೆ, “ಹೇಳಕ್ಕಾಗಲ್ಲ. ನಾಲ್ಕು ತಿಂಗಳ ಹಿಂದೆ ಬಂದಿದ್ರೆ ಹೇಳ್ತಿದ್ದೆ” ಎಂದರು.

ಅಂಗಡಿಗೆ ಬಂದಾಗ ಮೂರೂವರೆ. ಅಕ್ಕ ಅಲ್ಲೇ ಇದ್ದಳು. ಅವಳ ತುಟಿ ಒಣಗಿತ್ತು, ಪಾದದ ಪಕ್ಕ ಅಗಿದು ಉಗುಳಿದ ದಾರದ ಉಂಡೆಗಳು ಒಂದು ಸಣ್ಣ ರಾಶಿ. ತೊಡೆಯ ಮೇಲಿದ್ದ ಕೋಟಿನ ಕಲೆ ಅಂಚಿನಲ್ಲಿ ಸ್ವಲ್ಪ ಮಾಸಿ, ನಡುವೆ ಹಾಗೇ ಇತ್ತು. ಮಾಸ್ತರ ತನ್ನ ಮೇಜಿಗೆ ಹೋಗಲಿಲ್ಲ. ಅವಳೆದುರು ನೆಲದ ಮೇಲೆ ಚಕ್ಕಳಬಕ್ಕಳ ಹಾಕಿ ಕೂತು, ಬಿಳಿ ದಾರದ ರೀಲು ತೆಗೆದು, ಒಂದು ಮಾರು ಎಳೆದು ಹಲ್ಲಲ್ಲಿ ಕಡಿದು ಬಾಯಿಗೆ ತುಂಬಿಕೊಂಡ. ಅಗಿಯತೊಡಗಿದ. ಮೊದಲು ಒಂದು ಮೆಷಿನ್ನು ನಿಂತಿತು, ಆಮೇಲೆ ಇನ್ನೊಂದು. ದಾರ ಅಗಿಯುವುದೆಂದರೆ ಏನೆಂದು ಅಲ್ಲಿ ಯಾರಿಗೂ ಬಿಡಿಸಿ ಹೇಳಬೇಕಿರಲಿಲ್ಲ. ಯಜಮಾನರು ಎದ್ದು ಬಂದರು. “ಏನ್ ಮಾಸ್ಟ್ರೇ ಇದು?” ಬಾಯಿ ತುಂಬ ದಾರ, ಅವನು ಏನು ಹೇಳುತ್ತಾನೆ? ಅವರು ಅವನ ಬಲಗೈ ನೋಡಿದರು. “ಹಲ್ಲಿನ ಡಾಕ್ಟ್ರು ಕೈಗ್ಯಾಕೆ ಬ್ಯಾಂಡೇಜ್ ಸುತ್ತಿದ್ರು?”

ಮಾಸ್ತರ ಉಂಡೆಯನ್ನು ಎಡಗೈಗೆ ಉಗಿದುಕೊಂಡ. “ಹಲ್ಲಲ್ಲ ಯಜಮಾನ್ರೇ. ನಾನು ಹೋಗ್ತಿದ್ದದ್ದು ಕುಷ್ಠದ ಆಸ್ಪತ್ರೆಗೆ. ಕಾಯಿಲೆ ವಾಸಿಯಾಗಿದೆ, ಯಾರಿಗೂ ಅಂಟಲ್ಲ. ನರ ಒಂದು ಸರಿಯಿಲ್ಲ. ಈ ರಕ್ತ ನಂದು. ಬೆಳಿಗ್ಗೆ ಅಕ್ಕನನ್ನ ಅಂದದ್ದು ತಪ್ಪು, ಅಂದ ಐದು ನಿಮಿಷಕ್ಕೇ ನಂಗೆ ಗೊತ್ತಾಯ್ತು, ಗೊತ್ತಾದ್ಮೇಲೂ ಸುಮ್ನಿದ್ದೆ.” ಇಷ್ಟು ಮಾತನ್ನು ಒಂದೇ ಉಸಿರಿಗೆ ಹೇಳಿ ಅಕ್ಕನ ತೊಡೆಯಿಂದ ಕೋಟನ್ನು ಎಳೆದುಕೊಂಡು ಉಜ್ಜತೊಡಗಿದ. ಯಜಮಾನರು ಏನು ಅನ್ನುತ್ತಾರೋ, ನಾಳೆ ಏನಾಗುತ್ತದೋ ಅವನಿಗೆ ತಿಳಿಯದು. ದಾರದ ಉಂಡೆ ನಿಧಾನಕ್ಕೆ ಕಂದಾಗುತ್ತ ಬಂತು.

ಅಕ್ಕ ಕನ್ನಡಕ ಹಾಕಿಕೊಂಡು ಬಗ್ಗಿ, ಬ್ಯಾಂಡೇಜಿದ್ದ ಅಂಚನ್ನೂ ಕೋಟಿನ ಕಲೆಯನ್ನೂ ಒಂದಾದ ಮೇಲೊಂದು ನೋಡಿದಳು. ಗುರುತು ಹಾಕುವ ಕೈ ಎಲ್ಲಿ ಊರುತ್ತದೆಂದು ಅವಳಿಗೂ ಗೊತ್ತು.

“ಇಷ್ಟು ರಕ್ತ ಬಂದಿದೆ. ನೋವಾಗ್ಲಿಲ್ವಾ ಮಾಸ್ಟ್ರೇ?”

“ಇಲ್ಲ” ಎಂದ ಮಾಸ್ತರ. “ಅಲ್ಲಿ ನಂಗೆ ಏನೂ ಗೊತ್ತಾಗಲ್ಲ ಅಕ್ಕ.”

ಅವಳು ಅವನ ಮುಖವನ್ನು ಬೆಳಿಗ್ಗೆ ನೋಡಿದ ಹಾಗೆಯೇ ಒಂದು ಗಳಿಗೆ ನೋಡಿದಳು. ಆಮೇಲೆ ಉಳಿದ ಮೂರು ಕೋಟುಗಳನ್ನು ಎತ್ತಿ ಅವನ ಮಡಿಲಿಗೆ ಹಾಕಿದಳು.

“ಇನ್ನೂ ಮೂರಿದೆ, ಉಜ್ಜಿ” ಎಂದಳು. “ಎಡಗೈಲೇ ಉಜ್ಜಿ.”